ಅಟ್ಟೆ ಸಡಿಲ

"ಯಾರಾದ್ರೂ ಒಬ್ಬರು ಮುಂದೆ ಬನ್ನಿ. ಸುಮ್ನೆ ಹತ್ತು ಹೆಜ್ಜೆ ನಡೆದ್ರೆ ಸಾಕು," ಎಂದು ವಿಭಾಗದ ಮುಖ್ಯಸ್ಥರು ಮೈಕಿನಲ್ಲಿ ಹೇಳಿ ಮುಗಿಸುವಷ್ಟರಲ್ಲೇ ಎರಡನೇ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ವೇದಿಕೆಯ ಮೇಲಿದ್ದ ಪುಟ್ಟುವಿನ ಎದೆ ಧಸಕ್ಕೆಂದಿತು. ಅದು ಅವನ ಅಕ್ಕನ ಕೈ.

"ನಾನು ಬರ್ತೀನಿ. ನಂಗೆ ಅಭ್ಯಾಸ ಇದೆ, ಹೋದ ವರ್ಷಾನೂ ನಡೆದಿದ್ದೆ," ಎಂದು ಅಕ್ಕ ಇಡೀ ಸಭೆಗೆ ಕೇಳುವಂತೆ ಹೇಳಿದಳು. "ನಾನು ಇವನ ಅಕ್ಕ."

ಜನ ನಕ್ಕು ಚಪ್ಪಾಳೆ ತಟ್ಟಿದರು. ಮುಖ್ಯಸ್ಥರು, "ಓಹೋ, ಮನೆಯೋರೇ ಸಿಕ್ಕಿದ್ರಲ್ಲ!" ಎಂದು ಖುಷಿಪಟ್ಟರು. ಬೇಡ ಎನ್ನಲು ಪುಟ್ಟು ಬಾಯಿ ತೆರೆದ. ಆದರೆ ಯಾಕೆ ಬೇಡ ಎಂದು ಯಾರಾದರೂ ಕೇಳಿದರೆ? ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ನಲವತ್ತು ದಾಟಿದ, ತಲೆ ಅರ್ಧ ಬೋಳಾದ, ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಕಲಿಸುವ ಮನುಷ್ಯನನ್ನು ಪುಟ್ಟು ಎಂದು ಕರೆಯುವ ಹಕ್ಕು ಭೂಮಿಯ ಮೇಲೆ ಅವಳೊಬ್ಬಳಿಗೇ ಇತ್ತು. ಅಮ್ಮ ತೀರಿಕೊಂಡಾಗ ಇವನಿಗೆ ಒಂಬತ್ತು, ಅವಳಿಗೆ ಇಪ್ಪತ್ತೊಂದು. ಅವತ್ತು ಹೊಲಿಗೆ ಯಂತ್ರದ ಮುಂದೆ ಕೂತವಳು ಇವತ್ತಿಗೂ ಎದ್ದಿಲ್ಲ ಎಂದರೆ ಸುಳ್ಳಾಗದು. ಊರವರ ಕೋಟು, ಲಂಗ, ಶಾಲೆಯ ಸಮವಸ್ತ್ರ ಹೊಲಿದು ಹೊಲಿದೇ ಇವನನ್ನು ಓದಿಸಿದಳು. ಇವನು ಓದಿ ದೊಡ್ಡವನಾಗಿ ಮಾಡಿದ್ದೇನು? ಶೂ ಒಳಗೆ ಹಾಕುವ ಒಂದು ಅಟ್ಟೆ.

ಅಟ್ಟೆ ಎಂದರೆ ಅಂತಿಂಥ ಅಟ್ಟೆಯಲ್ಲ. ಪಾದ ಎಲ್ಲಿ, ಎಷ್ಟು, ಯಾವ ಗಳಿಗೆಯಲ್ಲಿ ನೆಲವನ್ನು ಒತ್ತುತ್ತದೆ ಎಂಬುದನ್ನೆಲ್ಲ ಅದು ಕಂಪ್ಯೂಟರಿಗೆ ಕಳಿಸುತ್ತಿತ್ತು. ಕಂಪ್ಯೂಟರು ನಡಿಗೆಯನ್ನು ಅಳೆದು, ನಡುಕದ ಕಾಯಿಲೆ ಇದೆಯೋ ಇಲ್ಲವೋ ಹೇಳುತ್ತಿತ್ತು. ಅದೂ ಕೈ ನಡುಗಲು ಶುರುವಾಗುವುದಕ್ಕೆ ವರ್ಷಗಳ ಮೊದಲೇ. ಇಲ್ಲದಿದ್ದರೆ ಪರದೆ ಹಸಿರು, ಇದ್ದರೆ ಕೆಂಪು. "ಎಷ್ಟು ಬೇಗ ಗೊತ್ತಾಗುತ್ತೋ ಅಷ್ಟು ಒಳ್ಳೇದು. ಒಂದೊಂದು ತಿಂಗಳಿಗೂ ಬೆಲೆಯಿದೆ," ಎಂದು ಪುಟ್ಟು ಹತ್ತು ನಿಮಿಷದ ಹಿಂದಷ್ಟೇ ಇದೇ ಮೈಕಿನಲ್ಲಿ ಹೇಳಿದ್ದ.

ಪರೀಕ್ಷೆಗೆ ಮೂವತ್ತು ರೋಗಿಗಳೂ ಮೂವತ್ತು ಆರೋಗ್ಯವಂತರೂ ಬೇಕಾಗಿದ್ದರು. ರೋಗಿಗಳು ಆಸ್ಪತ್ರೆಯಲ್ಲಿ ಸಿಕ್ಕರು. ಆರೋಗ್ಯವಂತರನ್ನು ಹುಡುಕುವುದೇ ಕಷ್ಟವಾಗಿ, ಗುಂಡುಕಲ್ಲಿನ ಹಾಗಿದ್ದ ಅಕ್ಕನನ್ನು ಹಿಡಿದುಕೊಂಡು ಬಂದ. ಪಟ್ಟಿಯಲ್ಲಿ ಅವಳು ಹದಿನೇಳನೆಯವಳು. ಅವಳು ನಡೆದಳು, ಪರದೆ ಕೆಂಪಾಯಿತು. ಮತ್ತೆ ನಡೆಸಿದ, ಮತ್ತೆ ಕೆಂಪು. ನಾಲ್ಕು ಸಲ ನಡೆಸಿದ, ನಾಲ್ಕು ಸಲವೂ ಕೆಂಪೇ. ಪರದೆ ಅವನ ಕಡೆ ತಿರುಗಿದ್ದರಿಂದ ಅವಳಿಗೆ ಅದು ಕಾಣಲಿಲ್ಲ. ಉಳಿದ ಇಪ್ಪತ್ತೊಂಬತ್ತು ಜನ ಹಸಿರಾಗಿದ್ದರು. ಇವಳೊಬ್ಬಳು ಇರದಿದ್ದರೆ, 'ಆರೋಗ್ಯವಂತರನ್ನು ಒಂದು ಸಲವೂ ಸುಮ್ಮನೆ ಹೆದರಿಸದ ಯಂತ್ರ' ಎಂದು ಎದೆ ತಟ್ಟಿಕೊಂಡು ಸಂಶೋಧನಾ ಪತ್ರಿಕೆಗೆ ಬರೆಯಬಹುದಿತ್ತು.

ಹಾಗೇ ಬರೆದ. ಹದಿನೇಳನೇ ಸಾಲನ್ನು ತೆಗೆದುಹಾಕಿ, ಕಾರಣದ ಕಾಲಂನಲ್ಲಿ 'ಅಟ್ಟೆ ಸಡಿಲ' ಎಂದು ಎರಡೇ ಪದ ಟೈಪಿಸಿದ. ಇಂಥ ಒಂದೆರಡು ಸಾಲು ಎಲ್ಲರೂ ತೆಗೆಯುವವರೇ, ಯಾರೂ ಕೇಳುವುದಿಲ್ಲ. ಕೇಳಲೂ ಇಲ್ಲ. ವಿಶ್ವವಿದ್ಯಾಲಯದ ಸುದ್ದಿಪುಟದಲ್ಲಿ ಅವನ ಫೋಟೋ ಬಂತು. ಅಕ್ಕ ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅಂಗಡಿಯ ಗೋಡೆಗೆ ಅಂಟಿಸಿ, ಅಳತೆ ಕೊಡಲು ಬಂದವರಿಗೆಲ್ಲ ತೋರಿಸಿದಳು.

ಈಗ ಅವಳು ವೇದಿಕೆ ಹತ್ತಿ, ಕುರ್ಚಿಯಲ್ಲಿ ಕೂತು ಶೂ ಹಾಕಿಸಿಕೊಂಡಳು. ಲೇಸು ಬಿಗಿದವನು ಪುಟ್ಟುವೇ. ಎಷ್ಟು ಬಿಗಿಯಬಹುದೋ ಅಷ್ಟು ಬಿಗಿದ. ಅಕ್ಕ ಎದ್ದು ಸಭೆಯ ಕಡೆ ಒಂದು ನಗು ಬೀರಿ ನಡೆದಳು. ಅವನು ಪರದೆಯನ್ನೇ ನೋಡುತ್ತಿದ್ದ.

ಪರದೆ ಕೆಂಪಾಯಿತು. ಮುಖ್ಯಸ್ಥರು ಗಂಟಲು ಸರಿಮಾಡಿಕೊಂಡು ಇವನ ಮುಖ ನೋಡಿದರು. ಪುಟ್ಟು ಮೈಕು ಎತ್ತಿಕೊಂಡ. ಎತ್ತಿಕೊಂಡವನು ಏನು ಹೇಳಬೇಕಿತ್ತೋ ಅದನ್ನು ಹೇಳಲಿಲ್ಲ.

"ಕ್ಷಮಿಸಿ, ಅಟ್ಟೆ ಸಡಿಲ ಆಗಿದೆ," ಎಂದ.

ಸಭೆ ಉಸಿರು ಬಿಟ್ಟಿತು. ಮುಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಬಂದು ನಡೆದಳು, ಹಸಿರಾಯಿತು, ಚಪ್ಪಾಳೆ ಬಿತ್ತು. ಮುಖ್ಯಸ್ಥರು ಅವನ ಬೆನ್ನು ತಟ್ಟಿದರು. ಪುಟ್ಟುವಿಗೆ ನೆಲದೊಳಗೆ ಇಳಿದುಹೋಗಬೇಕೆನಿಸಿತು.

ಎಲ್ಲರೂ ಕಾಫಿಗೆ ಹೋದರು. ಖಾಲಿ ಕುರ್ಚಿಗಳ ನಡುವೆ ಅಕ್ಕ ಒಬ್ಬಳೇ ಕೂತಿದ್ದಳು. ಪುಟ್ಟು ಹತ್ತಿರ ಬಂದಾಗ ಅವನ ಮುಖ ನೋಡದೆ, "ನಿನ್ನ ಮರ್ಯಾದೆ ತೆಗೆದ್ಬಿಟ್ಟೆ ಅಲ್ವೇನೋ," ಎಂದಳು.

"ಇಲ್ಲ ಅಕ್ಕ, ಅಟ್ಟೆ..."

"ಸುಮ್ನಿರೋ. ಕುಣಿಯಕ್ಕೆ ಬರದವಳು ನೆಲ ಡೊಂಕು ಅಂದ್ಳಂತೆ. ನೀನೇ ತಾನೆ ಉಸಿರು ಕಟ್ಟೋ ಹಾಗೆ ಲೇಸು ಬಿಗಿದಿದ್ದು? ಅಟ್ಟೆ ಎಲ್ಲಿ ಸಡಿಲ ಆಗುತ್ತೆ? ನನ್ನ ನಡಿಗೇನೇ ನೆಟ್ಟಗಿಲ್ಲ. ಅಷ್ಟು ಜನದ ಮುಂದೆ ಕೈ ಎತ್ತಕ್ಕೆ ಹೋದೆ ನೋಡು, ದೊಡ್ಡ ಇವಳ ಹಾಗೆ. ತಪ್ಪಾಯ್ತು ಕಣೋ ಪುಟ್ಟು."

ಅವಳು ತಪ್ಪಾಯ್ತು ಎಂದಳು! ಆ ಒಂದು ಮಾತನ್ನು ಅವನಿಂದ ತಡೆಯಲಾಗಲಿಲ್ಲ. ಅವಳ ಕಾಲ ಬಳಿ ನೆಲದ ಮೇಲೆ ಕುಕ್ಕರಿಸಿದ. ಹೇಳಿದ. ಹದಿನೇಳನೇ ಸಾಲು, ನಾಲ್ಕು ಸಲ ಕೆಂಪಾಗಿದ್ದು, ತೆಗೆದುಹಾಕಿದ್ದು, ಆ ಎರಡು ಪದ, ಎಲ್ಲ. ನಡುವೆ ಎಲ್ಲೂ ತಲೆ ಎತ್ತಲಿಲ್ಲ.

"ನಾಲ್ಕು ಸಲಾನೂ?" ಎಂದಳು ಅಕ್ಕ.

"ನಾಲ್ಕು ಸಲಾನೂ."

"ಹಂಗಾದ್ರೆ ನಿನ್ನ ಮೆಷಿನ್ನು ಸರಿಯಾಗೇ ಹೇಳಿತ್ತು!"

ಪುಟ್ಟು ಥಟ್ಟನೆ ತಲೆ ಎತ್ತಿದ. ಅವಳ ಮುಖದಲ್ಲಿ ಒಂದು ಗಳಿಗೆ ಸಂತೋಷವಿತ್ತು, ಅವನು ಮೊದಲ ದರ್ಜೆಯಲ್ಲಿ ಪಾಸಾದ ದಿನ ಇದ್ದಂಥದ್ದು. ಕೆನ್ನೆಗೆ ಎರಡು ಬಿಗಿದಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಆಮೇಲೆ ನಿಧಾನವಾಗಿ ಆ ಸಂತೋಷ ಇಳಿಯಿತು. "ಆರು ತಿಂಗಳಿಂದ ಗುಂಡಿ ಹೊಲಿಯಕ್ಕೆ ಆಗ್ತಿಲ್ಲ ನಂಗೆ," ಎಂದಳು. "ಕಣ್ಣಿಂದೇ ತೊಂದರೆ ಅಂದ್ಕೊಂಡು ಎರಡು ಸಲ ಕನ್ನಡಕ ಬದಲಾಯಿಸಿದೆ. ನೀನು ಬಂದಾಗ ಹೇಳಿದ್ನಲ್ಲ. ಅದಕ್ಕೆ ನೀನು, 'ಹೊಸ ಕನ್ನಡಕ ಚೆನ್ನಾಗಿದೆ ಅಕ್ಕ' ಅಂದೆ."

"ಅಂದೆ."

"ಆಗ ನಿಂಗೆ ಗೊತ್ತಿತ್ತಾ?"

"ಗೊತ್ತಾಗೋದು ಬೇಡ ಅನ್ನಿಸಿತ್ತು ಅಕ್ಕ," ಎಂದ. ಅದಕ್ಕಿಂತ ನಿಜವಾದ ಉತ್ತರ ಅವನ ಬಳಿ ಇರಲಿಲ್ಲ. "ನಾಳೆ ಬೆಳಿಗ್ಗೇನೇ ಡಾಕ್ಟರ ಹತ್ರ ಹೋಗೋಣ. ಪತ್ರಿಕೆಗೂ ಬರೀತೀನಿ, ತೆಗೆದಿದ್ದು ತಪ್ಪು ಅಂತ. ಮುಖ್ಯಸ್ಥರಿಗೆ ಈಗ್ಲೇ ಹೇಳ್ತೀನಿ."

"ಡಾಕ್ಟರ ಹತ್ರ ಬರ್ತೀನಿ. ಮಿಕ್ಕಿದ್ದು ನಿನ್ನ ಕೆಲಸ, ನೀನೇ ನೋಡ್ಕೋ," ಎಂದಳು. ಆ ಧ್ವನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಆದರೆ ಅವಳು ಅವನನ್ನು 'ಪುಟ್ಟು' ಎನ್ನಲೂ ಇಲ್ಲ.

ಎದ್ದು ವೇದಿಕೆ ಹತ್ತಿ, ಕುರ್ಚಿಯಲ್ಲಿ ಕೂತು, ಪಕ್ಕದಲ್ಲಿದ್ದ ಆ ಶೂಗಳನ್ನು ಕಾಲಿನಿಂದ ತನ್ನತ್ತ ಎಳೆದುಕೊಂಡಳು. "ಹಾಕು. ಇನ್ನೊಂದು ಸಲ ನಡೀತೀನಿ. ಈ ಸಲ ಇದ್ದದ್ದು ಇದ್ದ ಹಾಗೆ ಬರ್ಕೋ."

ಲೇಸು ಕಟ್ಟಿ ಅವನು ಅಭ್ಯಾಸದಂತೆ ಪರದೆಯ ಕಡೆ ಓಡಿದ.

"ಅದನ್ನ ಆಮೇಲೆ ನೋಡು," ಎಂದಳು ಅಕ್ಕ. "ನನ್ನ ನೋಡು."

ಅವನು ತಿರುಗಿ ನಿಂತ. ಐನೂರು ಗಂಟೆ ನಡಿಗೆಯ ಗೆರೆಗಳನ್ನು ನೋಡಿದ್ದವನು, ಅಕ್ಕ ನಡೆಯುವುದನ್ನು ಮೊದಲ ಸಲ ನೋಡಿದ. ಎಡಗಾಲು ನೆಲವನ್ನು ಸವರಿಕೊಂಡು ಹೋಗುತ್ತಿತ್ತು. ಬಲಗೈ ಬೀಸುತ್ತಿತ್ತು, ಎಡಗೈ ಮೈಗೆ ಅಂಟಿಕೊಂಡೇ ಇತ್ತು. ವೇದಿಕೆಯ ತುದಿಯಲ್ಲಿ, ಆ ವಿದ್ಯಾರ್ಥಿನಿ ಎರಡು ಹೆಜ್ಜೆಯಲ್ಲಿ ತಿರುಗಿದ್ದ ಜಾಗದಲ್ಲಿ, ಅಕ್ಕ ನಿಂತಳು. ನಿಂತಲ್ಲೇ ಚಿಕ್ಕ ಚಿಕ್ಕ ಹೆಜ್ಜೆ ಇಡುತ್ತ ತಿರುಗತೊಡಗಿದಳು. ಮೂರು, ನಾಲ್ಕು. ಪುಟ್ಟು ಕಣ್ಣು ಕೀಳದೆ ಎಣಿಸಿದ. ಐದು, ಆರು, ಏಳು. ಅವಳ ಮುಖ ಅವನ ಕಡೆ ತಿರುಗಲು ಇನ್ನೂ ಒಂದು ಹೆಜ್ಜೆ ಬಾಕಿಯಿತ್ತು.