ಕ್ಯಾಂಪಿಗೆ ಇಟ್ಟ ನೋವು

ಅವ್ವನ ತಲೆ ಮತ್ತೆ ಎಡಕ್ಕೆ ವಾಲಿತು. ಗೀತಾಂಜಲಿ ಬಿಳಿ ಬಟ್ಟೆಯನ್ನು ಹಣೆಗೆ ಸುತ್ತಿ ಗೋಡೆಯ ಮೊಳೆಗೆ ಬಿಗಿದು ಕಟ್ಟಿದಳು. ಲಿಂಗವಂತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕುಳಿತೇ ಮಣ್ಣು ಸೇರಬೇಕು. ಬದುಕಿದ್ದಾಗ ಒಂದು ಗಳಿಗೆ ಕೂತವಳಲ್ಲ ಅನ್ನದಾನಮ್ಮ. ಈಗ ಪಡಸಾಲೆಯಲ್ಲಿ ವಿಭೂತಿ ಬಳಿಸಿಕೊಂಡು ದೊಡ್ಡ ಸಾಹುಕಾರ್ತಿಯ ಹಾಗೆ ಕೂತಿದ್ದಳು. ಮಗಳಿಗೆ ಅಳು ಬಂದಿರಲಿಲ್ಲ. ಯಾರ ಕೆನ್ನೆಗಾದರೂ ಬಾರಿಸಬೇಕೆನ್ನುವಷ್ಟು ಸಿಟ್ಟು ಬಂದಿತ್ತು.

ಬಂದವರೆಲ್ಲ ಒಂದೇ ಮಾತು ಆಡುತ್ತಿದ್ದರು. ನಾಳೆ ಕ್ಯಾಂಪು ಶುರುವಾಗುವುದಿತ್ತು, ಇನ್ನೊಂದು ದಿನ ಜೀವ ಹಿಡಿದಿದ್ದರೆ ಫಾರಿನ್ ಡಾಕ್ಟರರು ಉಳಿಸಿಕೊಳ್ಳುತ್ತಿದ್ದರು ಎಂದು. ಪ್ರತಿ ಚಳಿಗಾಲಕ್ಕೆ ಸಮುದ್ರದಾಚೆಯಿಂದ ಒಂದು ತಂಡ ಕಾನಹೊಸಹಳ್ಳಿ ಪಕ್ಕದ ಈ ಊರಿಗೆ ಬಂದು, ಶಾಲೆಯಲ್ಲಿ ವಾರದ ಮಟ್ಟಿಗೆ ಪುಕ್ಕಟೆ ದವಾಖಾನೆ ನಡೆಸುತ್ತಿತ್ತು. ಮನೆಮನೆಗೆ ಹೋಗಿ ಜನರನ್ನು ಕರೆತರುವುದು, ಹೆದರಿದ ಮುದುಕಿಯರ ಕೈ ಹಿಡಿದು ಪರದೆಯ ಹಿಂದೆ ಕೂರಿಸುವುದು ಅನ್ನದಾನಮ್ಮನ ಕೆಲಸ. ಬಂದವರು ಅವಳನ್ನು ‘ಅಮ್ಮಾ’ ಎಂದು ತಬ್ಬಿಕೊಳ್ಳುತ್ತಿದ್ದರು. ಅಷ್ಟಕ್ಕೇ ಅವಳು ಬೆಣ್ಣೆಯಾಗಿ ಹೋಗಿದ್ದಳು. ಊರೂ ಹಾಗೇ. ಮಂಡಿನೋವು, ಎದೆಯುರಿ, ಕಣ್ಣಿನ ಪೊರೆ ಎಲ್ಲವನ್ನೂ ಉಪ್ಪಿನಕಾಯಿಯಂತೆ ಕ್ಯಾಂಪಿಗೆಂದು ಕಟ್ಟಿಟ್ಟುಕೊಳ್ಳುತ್ತಿತ್ತು.

*

ಹೋದ ವರ್ಷದ ಕ್ಯಾಂಪಿಗೆ ಗೀತಾಂಜಲಿ ಕೊಟ್ಟೂರಿನ ತನ್ನ ಹೊಲಿಗೆ ಅಂಗಡಿಗೆ ಬೀಗ ಹಾಕಿ ಬಂದಿದ್ದಳು. ಅವ್ವನ ಎದೆಯಲ್ಲೊಂದು ಗಂಟು ಎದ್ದಿತ್ತು. ಪರದೆಯ ಹಿಂದೆ ಕನ್ನಡಕದ ಬಿಳಿ ಹುಡುಗಿಯೊಬ್ಬಳು ಅದನ್ನು ಮುಟ್ಟಿ ನೋಡಿ, ನಕ್ಕು, ಗುಳಿಗೆಯ ಪೊಟ್ಟಣ ಕೊಟ್ಟು, ತಬ್ಬಿಕೊಂಡು ಕಳಿಸಿದಳು. ಶಕ್ತಿಯ ಗುಳಿಗೆಗಳು. ಬಳ್ಳಾರಿಗೆ ಹೋಗಿ ತೋರಿಸೋಣ ಬಾ ಎಂದು ಮಗಳು ಜಗ್ಗಿದಳು.

“ನಮ್ಮ ಡಾಕ್ಟರಮ್ಮ ಮುಟ್ಟಿ ನೋಡ್ಯಾಳ. ಏನರ ಇದ್ರ ಹೇಳ್ತಿದ್ದಿಲ್ಲೇನು?” ಎಂದಳು ಅವ್ವ. “ಬರೋ ವರ್ಷ ಮತ್ತ ನೋಡ್ತಾಳ. ಊರಿಗೆಲ್ಲ ಕ್ಯಾಂಪಿಗಿ ಬರ್ರಿ ಅನ್ನಾಕಿ ನಾನ ಬಳ್ಳಾರಿಗಿ ಹೋದ್ರ ಮಂದಿ ಏನಂತಾರ?”

ದೀಪಾವಳಿಗೆ ಗಂಟು ಒಡೆದು ಸೋರಿತು. ಬಲವಂತವಾಗಿ ಬಳ್ಳಾರಿಗೆ ಎಳೆದುಕೊಂಡು ಹೋದಾಗ, ಅಲ್ಲಿಯ ಡಾಕ್ಟರು ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಬೈದರು. ಕಾಯುತ್ತಿದ್ದೆವು ಎಂದು ಹೇಳಲು ಗೀತಾಂಜಲಿಗೆ ನಾಚಿಕೆಯಾಯಿತು.

*

ಮಧ್ಯಾಹ್ನ ಕ್ಯಾಂಪಿನ ಜೀಪು ಬಂದು ಅಂಗಳದಲ್ಲಿ ನಿಂತಿತು. ಕ್ಯಾಂಪು ನಡೆಸುವ ಸಂಸ್ಥೆಯ ಗುರುಮೂರ್ತಿ ಮೊದಲು ಇಳಿದ. ಅವನ ಹಿಂದೆ ಅದೇ ಕನ್ನಡಕದ ಹುಡುಗಿ ಇಳಿದಳು. ಅನ್ನದಾನಮ್ಮನನ್ನು ನೋಡಿದವಳೇ ಬಿಕ್ಕಿಬಿಕ್ಕಿ ಅತ್ತಳು. ಗುರುಮೂರ್ತಿ ಮಾರುದ್ದದ ಹಾರ ಹಾಕಿ ಕೈಮುಗಿದು, ಗೀತಾಂಜಲಿಯನ್ನು ಪಕ್ಕಕ್ಕೆ ಕರೆದ. ನಾಳೆಯ ಕ್ಯಾಂಪಿಗೆ ಅವ್ವನ ಹೆಸರೇ ಇಡುತ್ತೇವೆ ಎಂದ.

“ಬಾಗಿಲಾಗ ನೀವೊಂದೀಟು ನಿಂದ್ರಬೇಕ್ರಿ. ನಿಮ್ಮ ಮಾರಿ ಕಂಡ್ರ ಮಂದಿ ಧೈರ್ಯದಿಂದ ಬರ್ತಾರ.”

ಹೆಣ ಇನ್ನೂ ಎತ್ತಿಲ್ಲ, ಆಗಲೇ ಅವ್ವನ ಜಾಗಕ್ಕೆ ಆಳು ಹುಡುಕುತ್ತಿದ್ದಾನೆ! ಗೀತಾಂಜಲಿ ಬಾಯಿ ತೆರೆಯುವಷ್ಟರಲ್ಲಿ ಕೊಳೆತ ವಾಸನೆ ಮೂಗಿಗೆ ಬಡಿಯಿತು. ಅವ್ವನ ಮೈ ಕೆಟ್ಟಿತೇನೋ ಎಂದು ತಿರುಗಿ ನೋಡಿದಳು. ಆದರೆ ವಾಸನೆ ಬರುತ್ತಿದ್ದುದು ಅವ್ವನ ಪಾದಕ್ಕೆ ಹಣೆ ಹಚ್ಚಿ ಅಳುತ್ತಿದ್ದ ಪಕ್ಕದ ಮನೆಯ ಹುಲುಗಮ್ಮನಿಂದ. ಸಕ್ಕರೆ ಕಾಯಿಲೆಯ ಹೆಂಗಸು. ಬಲಗಾಲಿಗೆ ಹಳೇ ಸೀರೆಯ ತುಂಡು ಸುತ್ತಿಕೊಂಡಿದ್ದಳು. ಗೀತಾಂಜಲಿ ಕೂತು ಅದನ್ನು ಬಿಚ್ಚಿದಳು. ಎರಡು ಬೆರಳು ಕಪ್ಪಾಗಿದ್ದವು. ಕಪ್ಪು ಪಾದದ ಅರ್ಧದವರೆಗೆ ಏರಿತ್ತು.

“ಕಾರ್ತೀಕದಾಗ ಮುಳ್ಳು ಚುಚ್ಚಿತ್ತವ್ವ,” ಎಂದಳು ಹುಲುಗಮ್ಮ. “ಕ್ಯಾಂಪಿಗಿ ಬಾ, ನಾನ ಮುಂದ ನಿಂತು ತೋರಿಸ್ತೀನಿ ಅಂದಿದ್ಳು ನಿಮ್ಮವ್ವ. ನಾಳಿಗಿ ಐತಲ್ಲ.”

ಬಿಳಿ ಹುಡುಗಿ ಕಾಲು ನೋಡಿ ಸುಣ್ಣದ ಗೋಡೆಯಂತಾಗಿ ಹಿಂದೆ ಸರಿದಳು. ಗೀತಾಂಜಲಿ ಎದ್ದು ನಿಂತಳು.

“ಈಕಿ ಡಾಕ್ಟರೇನ್ರಿ?” ಎಂದು ಗುರುಮೂರ್ತಿಯನ್ನು ಕೇಳಿದಳು. ಊರೇ ಕೇಳುವಂತೆ ಕೇಳಿದಳು.

ಅವನು ತಡವರಿಸಿದ. ಇನ್ನೂ ಓದುತ್ತಿದ್ದಾಳೆ, ಅವರ ದೇಶದಲ್ಲಿ ಡಾಕ್ಟರ್ ಕಾಲೇಜಿಗೆ ಸೇರಬೇಕೆಂದರೆ ಮೊದಲು ಇಂಥ ಸೇವೆ ಮಾಡಿದ್ದು ತೋರಿಸಬೇಕಂತೆ, ಮನಸ್ಸು ಬಹಳ ಒಳ್ಳೆಯದು ಎಂದ.

“ಹಂಗಂದ್ರ ಇನ್ನ ಕಾಲೇಜಿಗೇ ಸೇರಿಲ್ಲ,” ಎಂದಳು ಗೀತಾಂಜಲಿ. “ನಮ್ಮವ್ವನ ಎದಿ ಮ್ಯಾಲೆ ಕಲ್ತಾಳ. ಈಗ ಹುಲುಗಮ್ಮನ ಕಾಲಿನ ಮ್ಯಾಲೆ ಕಲೀಲೇನು?”

ಹುಡುಗಿ ಅಳುತ್ತಲೇ ಏನೋ ಹೇಳಿದಳು. ಅದನ್ನು ಗುರುಮೂರ್ತಿ ಕನ್ನಡದಲ್ಲಿ ಹೇಳಲಿಲ್ಲ. ಗೀತಾಂಜಲಿಗೂ ಬೇಕಾಗಿರಲಿಲ್ಲ. ಗೋಡೆಗೆ ಒರಗಿ ಕೂತ ಅವ್ವನ ಕಡೆ ತಿರುಗಿ, ಎಂಥ ಮಳ್ಳ ಹೆಂಗಸೇ ನೀನು ಎಂದು ಮನಸ್ಸಿನಲ್ಲೇ ಬೈದಳು. ನೀನು ಹೋಗಿದ್ದು ಸಾಲದೆಂದು ಇವಳನ್ನೂ ಸಾಲಿನಲ್ಲಿ ನಿಲ್ಲಿಸಿ ಹೋದೆಯಲ್ಲ. ಆಗ ಅವಳ ಕಣ್ಣು ತುಂಬಿತು.

ಹುಲುಗಮ್ಮನ ಕಂಕುಳಿಗೆ ಕೈಕೊಟ್ಟು ಎಬ್ಬಿಸಿ, ಇಬ್ಬರ ನೆರವಿನಿಂದ ಜೀಪಿಗೆ ಹತ್ತಿಸಿದಳು. ಈ ಜೀಪಿನಲ್ಲಿ ಔಷಧದ ಪೆಟ್ಟಿಗೆ ತರುವುದಿದೆ ಎಂದು ಗುರುಮೂರ್ತಿ ಅಡ್ಡ ಬಂದ. ಪೆಟ್ಟಿಗೆ ಹೊತ್ತು ತರಲಿ ನಿಮ್ಮ ಸೇವೆಯವರು ಎಂದವಳೇ ಡ್ರೈವರನಿಗೆ ಕೂಡ್ಲಿಗಿ ಆಸ್ಪತ್ರೆಯ ದಾರಿ ಹೇಳಿ, ತಾನೂ ಹತ್ತಿ ಕೂತಳು.

ಅಷ್ಟರಲ್ಲಿ ಒಳಗೆ ತಮ್ಮ ಪ್ರವೀಣಕುಮಾರ, ನೆಂಟರು ಸೇರಿ ಅವ್ವನನ್ನು ಹೆಗಲ ಮೇಲೆ ಹೊರುವ ಹೂವಿನ ವಿಮಾನದಲ್ಲಿ ಕೂರಿಸಿದ್ದರು. ಕ್ರಿಯೆ ಮಾಡಿಸುವ ಅಯ್ಯನವರು ಓಡಿ ಬಂದರು. ಹೊತ್ತು ಇಳಿಯುತ್ತಿದೆ, ಮಗಳು ಪತ್ರಿ ಹಾಕಿ ಮಣ್ಣು ಕೊಟ್ಟ ಮೇಲೆ ಎಲ್ಲಿಗಾದರೂ ಹೋಗಲಿ ಎಂದರು.

“ಅಕಿ ಕಾಯ್ತಾಳ ಬಿಡ್ರಿ ಅಯ್ಯನೋರ,” ಎಂದಳು ಗೀತಾಂಜಲಿ. “ಕಾಯೋದು ಅಕಿಗೆ ರೂಢಿ ಆಗೇತಿ. ಈ ಕಾಲು ಕಾಯಂಗಿಲ್ಲ.”

ಅಯ್ಯನವರು ಕಾಯಲಿಲ್ಲ, ವಿಮಾನ ಎತ್ತಿಸಿಯೇಬಿಟ್ಟರು. ಜೀಪು ತಿರುಗಿಸಿಕೊಂಡು ಓಣಿಗೆ ಬರುವಷ್ಟರಲ್ಲಿ ಮುಂದೆ ಅವ್ವ, ಅವಳ ಮುಂದೆ ಭಜನೆಯವರು. ಹಾಯಲು ಇದ್ದದ್ದು ಅದೊಂದೇ ದಾರಿ. ಹೆಣಕ್ಕೆ ಅಡ್ಡ ಹೋಗಬಾರದೆಂದು ಡ್ರೈವರ್ ಬ್ರೇಕು ಒತ್ತಿ ಕೈಮುಗಿದ. ಹುಲುಗಮ್ಮನ ಕಾಲು ಗೀತಾಂಜಲಿಯ ತೊಡೆಯ ಮೇಲಿತ್ತು. ಅವಳು ಮುಂದೆ ಬಾಗಿ ಹಾರನ್ ಒತ್ತಿದಳು. ಒತ್ತಿದ ಕೈ ತೆಗೆಯಲಿಲ್ಲ.

ತಾಳ ನಿಂತಿತು. ಮುಂದಿನ ಹೆಗಲು ಕೊಟ್ಟಿದ್ದ ತಮ್ಮ ಪ್ರವೀಣಕುಮಾರ ತಿರುಗಿ ಅಕ್ಕನ ಮುಖ ನೋಡಿದ. ಆಮೇಲೆ ಉಳಿದವರಿಗೆ ಏನೋ ಹೇಳಿದ. ಹೂವಿನ ವಿಮಾನ ಮೆಲ್ಲಗೆ ಓಣಿಯ ಬದಿಗೆ, ಜಾಲಿಗಿಡದ ಕಡೆಗೆ ಸರಿದು, ಜೀಪಿಗೆ ದಾರಿ ಬಿಟ್ಟು ನಿಂತಿತು.