ಬೆಳಕು ಬಂದು ಮುಟ್ಟುವ ಹೊತ್ತು

ಕಣ್ಣಿನ ಪೊರೆ ತೆಗೆಸಿಕೊಂಡ ಬಂಡೆಮ್ಮ, ಮೊಮ್ಮಗಳು ಸಪ್ನಾಳ ಭುಜಕ್ಕೆ ಒರಗಿ, ಕಲಬುರಗಿಯಿಂದ ಕಮಲಾಪುರಕ್ಕೆ ಹೊರಟ ಬಸ್ಸಿನಲ್ಲಿ ಕೂತಿದ್ದಳು. ಎಡಗಣ್ಣಿಗೆ ಪಟ್ಟಿ ಕಟ್ಟಿತ್ತು. ಬಲಗಣ್ಣು ವರ್ಷಗಳಿಂದ ಮಂಜು ಮಂಜು, ಅದನ್ನೂ ಮುಚ್ಚಿಕೊಂಡಿದ್ದಳು. ಬಿಎಸ್ಸಿ ಓದುತ್ತಿದ್ದ ಸಪ್ನಾ ಕ್ಲಾಸು ಬಿಟ್ಟು ಅಜ್ಜಿಯ ಜೊತೆ ಆಸ್ಪತ್ರೆಯಲ್ಲಿ ಉಳಿದಿದ್ದಳು.

ಊರು ದಾಟಿ ಹೆದ್ದಾರಿ ಸೇರಿದ ಮೇಲೆ ಕುಲುಕಾಟ ನಿಂತಿತು.

"ಬಸ್ಸ ಯಾಕ ನಿಂತದ?" ಎಂದು ಬಂಡೆಮ್ಮ ಕೇಳಿದಳು.

"ನಿಂತಿಲ್ಲ ಆಯಿ, ಜೋರ್ ಓಡಾಕತ್ತದ. ರೋಡ್ ನುಣ್ಣಗ ಅದ, ಸ್ಪೀಡು ಹೆಚ್ಚುಕಮ್ಮಿ ಆಗವಲ್ದು. ಕಣ್ಣ ಮುಚ್ಚಿದರ ಒಂದೇ ಸಮನ ಓಡೂದೂ ನಿಲ್ಲೂದೂ ಒಂದೇ."

ತಾನು ಮೋಡದ ಮೇಲೆ ಅಲುಗಾಡದೆ ಕೂತಂತೆ, ಹೊರಗಿನ ಜೋಳದ ಹೊಲಗಳೇ ಹಿಂದಕ್ಕೆ ಹರಿದುಹೋಗುತ್ತಿರುವಂತೆ ಬಂಡೆಮ್ಮನಿಗೆ ಅನಿಸಿತು. ಮಹಾಗಾಂವದ ಹತ್ತಿರ ಡ್ರೈವರ್ ಬ್ರೇಕ್ ಒತ್ತಿದ; ಮೈ ಮುಂದಕ್ಕೆ ಜಗ್ಗಿತು.

"ಈಗ ತಿಳೀತು ನೋಡು," ಎಂದು ನಕ್ಕಳು. "ಎಲ್ಲಾಕ್ಕಿಂತ ಜೋರ್ ಯಾವ್ದು ಓಡ್ತದವ್ವಾ?"

"ಬೆಳಕು. ಒಂದು ಸೆಕೆಂಡಿಗಿ ಮೂರು ಲಕ್ಷ ಕಿಲೋಮೀಟರ್."

"ಬೆಳಕೂ ಓಡಬೇಕೇನು? ದೀಪ ಹಚ್ಚಿದ ಕೂಡ್ಲೇ ಮನಿ ತುಂಬ ಇರ್ತದಲ್ಲ!"

"ಅದಕ್ಕೂ ಹೊತ್ತು ಹಿಡಿತದ ಆಯಿ. ಸೂರ್ಯನ ಬೆಳಕು ಇಲ್ಲಿಗಿ ಬರಾಕ ಎಂಟು ನಿಮಿಷ ಬೇಕು."

ಕಿಟಕಿಯ ಸಂಜೆಬಿಸಿಲು ಕೆನ್ನೆಗೆ ಬೆಚ್ಚಗೆ ತಾಗುತ್ತಿತ್ತು. ದೂರದಿಂದ ಬಂದ ನೆಂಟರನ್ನು ಮುಟ್ಟಿ ನೋಡುವಂತೆ ಬಂಡೆಮ್ಮ ಅದರ ಮೇಲೆ ಕೈಯಿಟ್ಟುಕೊಂಡಳು.

ಮರುದಿನ ಬೆಳಿಗ್ಗೆ, ಡಾಕ್ಟರು ಹೇಳಿದ್ದಂತೆ, ಸಪ್ನಾ ಪಟ್ಟಿ ಬಿಚ್ಚಿ ಕಣ್ಣಿಗೆ ಹನಿ ಹಾಕಿದಳು. ಮೊದಮೊದಲು ಎಲ್ಲವೂ ನೀರಿನೊಳಗೆ ಇದ್ದ ಹಾಗೆ ಅಲುಗುತ್ತಿತ್ತು. ಸಂಜೆಯ ಹೊತ್ತಿಗೆ ನಿಚ್ಚಳವಾಯಿತು. ಕತ್ತಲಾದ ಮೇಲೆ ಸಪ್ನಾಳ ಕೈ ಹಿಡಿದು ಬಂಡೆಮ್ಮ ಮಾಳಿಗೆ ಏರಿದಳು. ಗಂಡ ಅಂಬಣ್ಣ ಕಂಬಳಿ ಹೊದ್ದು ಹೊರಸಿನ ಮೇಲೆ ಅಡ್ಡಾಗಿದ್ದ. ಆಚೆ ತುದಿಯ ಇನ್ನೊಂದು ಹೊರಸಿನ ಮೇಲೆ ಕೂತು ಅವಳು ತಲೆಯೆತ್ತಿದಳು. ಇಷ್ಟು ವರ್ಷ ಕಲಸಿಹೋಗಿದ್ದ ಆಕಾಶದಲ್ಲಿ ಚುಕ್ಕಿಗಳು ಬಿಡಿಬಿಡಿಯಾಗಿ ನಿಂತಿದ್ದವು.

ಸಪ್ನಾ ಮೂಡಲಿನ ಜೋಡಿ ಚುಕ್ಕಿ ತೋರಿಸಿದಳು. "ಅವು ಪುನರ್ವಸು. ಎಡಗಡಿ ಚುಕ್ಕಿ ನೋಡು, ಅದರ ಬೆಳಕು ಐವತ್ತು ವರ್ಷದ ಹಿಂದ ಹೊಂಟಿತ್ತು. ಈಗ ನಿನ್ನ ಕಣ್ಣಿಗಿ ಬಂತು."

"ನಮ್ಮ ಲಗ್ನದ ಹೊತ್ತಿನ್ಯಾಗ," ಎಂದಳು ಬಂಡೆಮ್ಮ, ತನಗೇ ಹೇಳಿಕೊಂಡಂತೆ. "ಆ ಚುಕ್ಕಿ ಈಗ ಅಲ್ಲಿ ಅದನೋ ಇಲ್ಲೋ?"

"ಅದು ತಿಳಿಯಾಕ ಇನ್ನ ಐವತ್ತು ವರ್ಷ ಕಾಯಬೇಕು."

ಬಂಡೆಮ್ಮ ಗಂಡನ ಕಡೆ ತಿರುಗಿದಳು. ಬೀದಿದೀಪದ ಬೆಳಕು ಅವನ ಮುಖದ ಮೇಲಿತ್ತು. ಹುಬ್ಬು ಬೆಳ್ಳಗಾಗಿದ್ದು ಅವಳಿಗೆ ಗೊತ್ತೇ ಇರಲಿಲ್ಲ.

"ನಿಮ್ಮ ಮುತ್ಯಾನ ಮುಖ ನನ್ನ ತನಕ ಬರಾಕೂ ಹೊತ್ತು ಬೇಕೇನು?"

"ಬೇಕು. ಎಣಿಸಾಕ ಆಗದಷ್ಟು ಸಣ್ಣ ಹೊತ್ತು. ಆದರ ಬೇಕು."

"ಹಂಗಾದ್ರ ಈಕಿ ಕಣ್ಣಿಗಿ ನಾ ಯಾವಾಗ್ಲೂ ಚೂರು ಸಣ್ಣ ವಯಸ್ಸಿನಾಂವ," ಎಂದು ಅಂಬಣ್ಣ ನಕ್ಕ.

ಬಂಡೆಮ್ಮ ಎದ್ದು ತನ್ನ ಹೊರಸನ್ನು ಗಂಡನ ಕಡೆ ಎಳೆಯಲೆಂದು ಅದರ ಕಾಲಿಗೆ ಕೈ ಹಾಕಿದಳು. "ಭಾರ ಎಳೀಬ್ಯಾಡ ಆಯಿ!" ಎನ್ನುತ್ತ ಸಪ್ನಾ ತಾನೇ ಅದನ್ನು ಎಳೆದು ಅಜ್ಜನ ಹೊರಸಿಗೆ ತಾಗಿಸಿದಳು.

ಬಂಡೆಮ್ಮ ಅದರ ಮೇಲೆ ಅಡ್ಡಾಗಿ, ಮೊಣಕೈ ಊರಿ ಗಂಡನ ಮುಖ ನೋಡತೊಡಗಿದಳು. ಎಷ್ಟು ಹೊತ್ತಾದರೂ ಕಣ್ಣು ಕೀಳಲಿಲ್ಲ. ಅಂಬಣ್ಣ ನಾಚಿ ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡ.

"ತಗೀರಿ," ಎಂದಳು ಅವಳು. "ನೋಡಾಕತ್ತೀನಿ."