ಏಳನೆಯ ಕುಳಿ

ತಣ್ಣಗಿದೆ ಎಂದು ಗೊತ್ತಿದೆ, ಆದರೆ ತಣ್ಣಗೆ ಅನ್ನಿಸುತ್ತಿಲ್ಲ, ಎಡಗೈಯನ್ನು ಫರ್ಸಿ ಕಲ್ಲಿನ ಮೇಲೆ ಊರಿ ಎಷ್ಟು ಹೊತ್ತಾಯಿತೋ, ಕೈ ಬೇರೆ ಯಾರದೋ ಎಂಬಂತೆ ಅಲ್ಲಿ ಬಿದ್ದಿದೆ, ಜೇವರ್ಗಿಯ ಮನೆಗಳಲ್ಲೆಲ್ಲ ಇದೇ ಬೂದಿ ಬಣ್ಣದ ಹಾಸುಗಲ್ಲು, ಎದುರಿಗೆ ಬುರಾನುದ್ದೀನ ಗೋಡೆಗೆ ಒರಗಿ ಕೂತಿದ್ದಾನೆ, ತೋರುಬೆರಳಿನಿಂದ ಕಲ್ಲಿನ ಮೈಮೇಲಿರುವ ಸಣ್ಣ ಸಣ್ಣ ಅಲೆಗಳನ್ನು ಸವರುತ್ತ, ಒಂದು ಅಲೆ ಹತ್ತಿ, ಇಳಿದು, ಇನ್ನೊಂದು ಹತ್ತಿ — ಎರಡು ತಿಂಗಳ ಹಿಂದೆ ಕಣ್ಣಿದ್ದಾಗ ತನ್ನ ಮನೆಯ ನೆಲದಲ್ಲಿ ಅಲೆಗಳಿವೆ ಎಂದು ಅವನಿಗೆ ತಿಳಿದೇ ಇರಲಿಲ್ಲ. ಒಳಗೆ ಅವನ ಹೆಂಡತಿ ಬದರುನ್ನಿಸಾ ಚಾಕ್ಕೆ ಹಸಿಶುಂಠಿ ಜಜ್ಜುತ್ತಿದ್ದಾಳೆ, ನಾನು ಒಂದು ಮಾತು ಹೇಳಲು ಬಂದಿದ್ದೇನೆ, ಖಜೂರಿಯಿಂದ ಆಳಂದ, ಆಳಂದದಿಂದ ಗುಲಬರ್ಗಾ, ಅಲ್ಲಿಂದ ಇಲ್ಲಿಗೆ, ಮೂರು ಬಸ್ಸು ಬದಲಿಸಿ, ಇದು ನಾಲ್ಕನೆಯ ಸಲ, ಮೂರು ಸಲ ಚಾ ಕುಡಿದು ಹಾಗೇ ಎದ್ದುಹೋಗಿದ್ದೇನೆ, ಹೇಳಬೇಕಾದದ್ದು ಒಂದೇ ಒಂದು ಸಂಖ್ಯೆ, ಅದೂ ಸಣ್ಣದು, ಬಹುಶಃ ಸಣ್ಣದಾಗಿರುವುದಕ್ಕೇ ಬಾಯಿಗೆ ಬರುತ್ತಿಲ್ಲ, ಹಣಮಂತ್ರಾಯನ ಬಾಯಿಗೆ ಸಣ್ಣ ಸಂಖ್ಯೆ ಎಂದಾದರೂ ಬಂದಿದೆಯೇ, ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲೂಕಿನಲ್ಲಿ ಭೂಮಿಯ ಹೊಟ್ಟೆಗೆ ನನ್ನಷ್ಟು ಇಳಿದ ಗಂಡಸು ಹುಟ್ಟಿಲ್ಲ, ಮುನ್ನೂರು ಬಾವಿ ತೋಡಿದ್ದೇನೆ, ಮುನ್ನೂರಲ್ಲ, ಮೂವತ್ತು, ಮೂವತ್ತೊಂದನೆಯದು ಖಜೂರಿಯಲ್ಲಿ ಅರ್ಧಕ್ಕೆ ನಿಂತಿದೆ. ಚಾದಂಗಡಿಯಲ್ಲಿ ಜನ ನನ್ನೆದುರಿಗೇ ಹೇಳುತ್ತಾರೆ, ಹಣಮಂತ್ರಾಯ ಏನರೆ ಹೇಳಿದ್ರ ಒಂದು ಸೊನ್ನಿ ಅಳಿಸಿ ಕೇಳ್ಬೇಕ್ರಿ, ನಾನು ಸಿಟ್ಟಾಗುವುದಿಲ್ಲ, ಒಂದು ಅಳಿಸಿದರೆ ಎರಡು ಬರೆಯುತ್ತೇನೆ.

ನನ್ನ ಸೊನ್ನೆಗಳನ್ನೆಲ್ಲ ಒಂದೇ ಉಸಿರಿಗೆ ನುಂಗಿದವರು ಒಬ್ಬರೇ, ಶ್ರೀನಿವಾಸ ಸಾಹೇಬರು, ಎಂಬತ್ತೆರಡರ ಬೇಸಿಗೆಯಲ್ಲಿ ಊರೂರಿನ ಬಾವಿಗಳನ್ನು ಅಳೆದು ಬರೆದುಕೊಳ್ಳಲು ಸರಕಾರಿ ಜೀಪಿನಲ್ಲಿ ಬಂದಿದ್ದರು, ಕಲ್ಲುಗಳ ವಿದ್ಯೆ ಓದಿದವರು, ಭೂಸನೂರ ಹತ್ತಿರ ನಾನೂ ಬುರಾನನೂ ತೋಡುತ್ತಿದ್ದ ಬಾವಿಗೆ ಪ್ಯಾಂಟು ಮಡಚಿ ಇಳಿದು ಗೋಡೆಯನ್ನು ಪುಟ್ಟ ಸುತ್ತಿಗೆಯಿಂದ ತಟ್ಟಿ, ಇದು ಎಷ್ಟು ಹಳೇದು ಹೇಳಪ್ಪಾ ಎಂದರು, ನಾನು ಬಿಡುತ್ತೇನೆಯೇ, ಕೇಳಿದವರು ಏಣಿಯಿಂದ ಬೀಳಬೇಕು ಅಂಥದ್ದೊಂದು ಹುಡುಕಿ, ಹತ್ತು ಸಾವಿರ ವರ್ಷ ಆಗಿರ್ಬೇಕ್ರಿ ಎಂದೆ. ಅವರು ನಗಲೂ ಇಲ್ಲ. ಆರೂವರೆ ಕೋಟಿ, ಎಂದರು, ಬಸ್ಸಿನ ವೇಳೆ ಹೇಳುವವರ ಹಾಗೆ. ಬುರಾನ ಮೇಲಿನಿಂದ ಕೂಗಿದ, ಲೇ ಹಣಮ್ಯಾ, ನಿನಗ ಉಸ್ತಾದ ಸಿಕ್ಕಾನ ನೋಡಲೇ! ಮೂರು ದಿನ ನನಗೆ ಊಟ ಸೇರಲಿಲ್ಲ, ನೂರು ದಿನ ಎಂದು ಹೇಳಿಕೊಂಡು ತಿರುಗಿದೆ, ಆದರೆ ಮೂರು ದಿನ ನಿಜವಾಗಿ ಸೇರಲಿಲ್ಲ. ಆಮೇಲೆ ಅವರು ಅಲ್ಲಿದ್ದ ಹದಿನೈದೂ ದಿನ ಬೆನ್ನು ಹತ್ತಿದೆ, ಕೇಳಿಕೊಂಡೆ, ನೆಲ ಸೀಳಿ ಬೆಂಕಿಯ ರಾಡಿ ಹರಿಯಿತಂತೆ, ಗುಡ್ಡದ ಬಾಯಿಂದಲ್ಲ, ಬಿರುಕಿನಿಂದ, ಹರಿದು ನಿಂತು ಆರಿ ಕರಿಕಲ್ಲಾಯಿತಂತೆ, ಆಮೇಲೆ ಎಷ್ಟೋ ಸಾವಿರ ವರ್ಷ ಸುಮ್ಮನಿತ್ತಂತೆ, ಆ ಕಲ್ಲಿನ ಮೇಲ್ಮೈ ಮಳೆಗೆ ಬಿಸಿಲಿಗೆ ಪುಡಿಯಾಗಿ ಮಣ್ಣಾಯಿತಂತೆ, ಆ ಮಣ್ಣಿನ ಮೇಲೆ ಮತ್ತೆ ಬೆಂಕಿ ಹರಿದು ಅದನ್ನು ಇಟ್ಟಿಗೆಯ ಹಾಗೆ ಸುಟ್ಟಿತಂತೆ, ಬಾವಿಯ ಗೋಡೆಯಲ್ಲಿ ಕರಿಕಲ್ಲಿನ ನಡುವೆ ಕಾಣುವ ಗೇಣು ದಪ್ಪದ ಕೆಂಪು ಪಟ್ಟಿ ಅದೇ, ಅದನ್ನು ನಾನು ಎಷ್ಟೋ ಬಾವಿಯಲ್ಲಿ ನೋಡಿದ್ದೆ, ರಾಕ್ಷಸರ ರಕ್ತ ಎಂದು ಸಾವಕಾರರಿಗೆ ಹೇಳಿ ಚಾ ಕುಡಿದಿದ್ದೆ. ಮೇಲೆ ನೋಡು ಎಂದರು ಸಾಹೇಬರು, ಕರಿಕಲ್ಲು ಉಳ್ಳಾಗಡ್ಡಿಯ ಹಾಗೆ ಸಿಪ್ಪೆ ಸಿಪ್ಪೆ ಬಿಚ್ಚಿಕೊಳ್ಳುತ್ತದೆ, ಸಿಪ್ಪೆ ಮುರುಮವಾಗುತ್ತದೆ, ಮುರುಮ ಎರೆಮಣ್ಣಾಗುತ್ತದೆ, ನಿಮ್ಮ ಜೋಳ ಬೆಳೆಯುವುದು ಕೊಳೆತ ಕಲ್ಲಿನಲ್ಲೇ, ಕಲ್ಲು ಸತ್ತಿಲ್ಲ, ಬದಲಾಗುತ್ತಲೇ ಇದೆ, ನಿನಗೆ ಕಾಯಲು ಪುರಸೊತ್ತಿಲ್ಲ ಅಷ್ಟೇ. ಬೆಂಕಿಯ ರಾಡಿ ಆರುವಾಗ ಗಾಳಿಯ ಗುಳ್ಳೆಗಳು ಒಳಗೇ ಸಿಕ್ಕಿಬಿದ್ದು ಪೊಳ್ಳಾಗಿ ಉಳಿಯುತ್ತವಂತೆ, ಅದರೊಳಗೆ ನೀರು ಜಿನುಗಿ, ತಂದ ಉಪ್ಪನ್ನು ಕಣಕಣವಾಗಿ ಗೋಡೆಗೆ ಅಂಟಿಸಿ, ಲಕ್ಷಾಂತರ ವರ್ಷ, ಕತ್ತಲೆಯಲ್ಲಿ, ಯಾರೂ ನೋಡದ ಕಡೆ, ಹರಳುಗಟ್ಟಿ, ಬಿಳಿಯ ಸೂಜಿಗಳು — ಬೇಡ, ಅದು ಬೇಡ, ಈಗ ಅದರ ಮಾತು ಬೇಡ.

ನಮ್ಮ ಜೇವರ್ಗಿ ಕಲ್ಲು ಹೆಂಗ್ರಿ ಸಾಹೇಬ್ರ, ಅದೂ ಬೆಂಕೀದೇನ್ರಿ, ಎಂದು ಬುರಾನ ಕೇಳಿದ್ದ. ಅಲ್ಲಪ್ಪಾ, ಅದು ಸಮುದ್ರದ ತಳದ ಕೆಸರು, ಸುಣ್ಣದ ಕೆಸರು, ಪದರ ಪದರ ಕೂತು ಗಟ್ಟಿಯಾಗಿದ್ದು, ಮೀನು ಕೂಡ ಹುಟ್ಟಿರದ ಸಮುದ್ರ, ಕರಿಕಲ್ಲಿಗಿಂತ ಹತ್ತು ಪಟ್ಟು ಹಳೇದು. ಹತ್ತು ಪಟ್ಟು! ಸಾಹೇಬರೇ ನನ್ನ ಸೊನ್ನೆ ಹಚ್ಚಿದ್ದರು, ಅವತ್ತು ನಾನು ಒಪ್ಪಿಕೊಂಡೆ, ಭೂಮಿಯಷ್ಟು ಬಡಾಯಿಯವಳು ಬೇರಿಲ್ಲ, ಮತ್ತು ಅವಳ ಸೊನ್ನೆಗಳೆಲ್ಲ ಖರೆ. ಈಗ ಬುರಾನನ ಬೆರಳ ಕೆಳಗಿರುವುದು ಆ ಸಮುದ್ರದ್ದೇ ಅಲೆ, ಯಾವುದೋ ಒಂದು ಮಧ್ಯಾಹ್ನದ ಅಲೆ ಕೆಸರಿನ ಮೇಲೆ ಗೆರೆ ಎಳೆದು ಹಿಂದೆ ಸರಿಯಿತು, ಮತ್ತೆ ಬರಲಿಲ್ಲ. ಅವನು ಹತ್ತುತ್ತಾನೆ, ಇಳಿಯುತ್ತಾನೆ. ನನಗೆ ಅಳು ಬರಬೇಕಿತ್ತು, ಬರುತ್ತಿಲ್ಲ, ಎರಡು ತಿಂಗಳಿಂದ ಏನೂ ಬರುತ್ತಿಲ್ಲ, ಕೈಗೆ ತಣ್ಣಗೂ ಬರುತ್ತಿಲ್ಲ.

ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ, ಬತ್ತಿ ಹಚ್ಚಿದವನು ಎಣಿಸಬಾರದು. ಕಲ್ಲಿನಲ್ಲಿ ಕುಳಿ ಕೊರೆದು ಮದ್ದು ತುಂಬಿ ಬತ್ತಿ ಹಚ್ಚುವುದು, ನಾವು ಸುರಂಗ ಎನ್ನುವುದು, ಬುರಾನನ ಕೆಲಸ, ಹಚ್ಚಿದವನಿಗೆ ಏಣಿ ಹತ್ತುವ ಅವಸರ, ಎದೆ ಬಡಿತ ಕಿವಿಯಲ್ಲಿರುತ್ತದೆ, ಅವನಿಗೆ ಸದ್ದು ಸರಿಯಾಗಿ ಕೇಳುವುದಿಲ್ಲ, ಅದಕ್ಕೆ ಮೇಲೆ ನಿಂತ ಇನ್ನೊಬ್ಬ ಎಣಿಸಬೇಕು, ಎಡಗೈ ಹೆಬ್ಬೆರಳನ್ನು ಬೆರಳಿನ ಗೆಣ್ಣುಗಳ ಮೇಲೆ ಸರಿಸುತ್ತ, ಕಿರುಬೆರಳಿಗೆ ಮೂರು, ಉಂಗುರಬೆರಳಿಗೆ ಮೂರು, ಏಳಾದರೆ ನಡುಬೆರಳಿಗೆ ದಾಟಬೇಕು, ಹಚ್ಚಿದಷ್ಟೂ ಹಾರಿದರೆ ಇಳಿ ಎನ್ನಬೇಕು, ಒಂದು ಕಡಿಮೆಯಾದರೆ ಅವತ್ತಿಡೀ ಬಾವಿಗೆ ಯಾರೂ ಇಳಿಯಬಾರದು. ಬತ್ತಿ ನಂದುವುದು ಯಾರ ಕೈಯಲ್ಲೂ ಇಲ್ಲ, ಅದಕ್ಕೇ ಎಣಿಕೆ. ನಿನ್ನ ಬಾಕಿ ಮಾತೆಲ್ಲಾ ಹತ್ತಕ್ಕ ಭಾಗಿಸಿ ಕೇಳ್ತೇನಲೇ ಹಣಮ್ಯಾ, ಎನ್ನುತ್ತಿದ್ದ ಬುರಾನ, ಸುರಂಗದ ಎಣಿಕಿ ಒಂದು ಬಿಟ್ಟು. ಇಪ್ಪತ್ತು ವರ್ಷ ಭಾಗಿಸಲಿಲ್ಲ, ಇಪ್ಪತ್ತೇ, ಈ ಇಪ್ಪತ್ತರಲ್ಲಿ ಸೊನ್ನೆ ನಾನು ಹಚ್ಚಿದ್ದಲ್ಲ.

ಖಜೂರಿಯ ಆ ಮಧ್ಯಾಹ್ನ, ರಸ್ತೆಯಲ್ಲಿ ಸೊಲ್ಲಾಪುರದ ಕಡೆಯ ಟ್ರಕ್ಕುಗಳು, ಬಾವಿಯ ಯಜಮಾನ ಕಲ್ಯಾಣಪ್ಪ ಸಾವಕಾರರು ಬೇವಿನ ಗಿಡದ ಕೆಳಗೆ ಕೂತಿದ್ದಾರೆ, ಕೂಲಿಯವರು ಸುತ್ತ, ಬುರಾನ ಏಳು ಬತ್ತಿ ಹಚ್ಚಿ ಹತ್ತಿ ಬಂದು ಕಲ್ಲುಗುಪ್ಪೆಯ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದಾನೆ, ನಾನು ನಿಂತಿದ್ದೇನೆ, ಸುಮ್ಮನೆ ನಿಲ್ಲುವ ಜನ್ಮವೇ ನನ್ನದು, ಒಂದು ಢಂ ಎಂದಿತು, ಎರಡು, ಅಫಜಲಪುರದಾಗ ನಾ ಹಾರಿಸಿದ ಕಲ್ಲು ಭೀಮಾ ನದಿ ದಾಟಿ ಹೋಗಿತ್ರಿ ಸಾವಕಾರ್ರ, ಮೂರು, ಆಚಿ ದಂಡಿಮ್ಯಾಲ ಒಬ್ಬಾಂವ ಕುಂತಿದ್ದ, ಅವನ ಟೊಪ್ಪಿಗಿ ಹಾರಿಸ್ಕೊಂಡು ಹೋತು, ನಾಲ್ಕು, ತಲಿಗೆ ಒಂದು ಗೀರು ಇಲ್ರಿ, ಕಲ್ಯಾಣಪ್ಪ ಸಾವಕಾರರು ಹೊಟ್ಟೆ ಹಿಡಿದುಕೊಂಡು, ಏ ಮಗನಾ, ಹೊಳಿ ಎಷ್ಟ ಅಗಲ ಇತ್ತೋ ಅದು, ಐದು, ಎರಡು ಮೈಲಿ ಇರ್ಬೇಕ್ರಿ, ಮಳಿಗಾಲ ನೋಡ್ರಿ, ಎಲ್ಲರೂ ನಗುತ್ತಿದ್ದಾರೆ, ಆರು, ಟೊಪ್ಪಿಗಿ ಮತ್ತ ಸಿಕ್ತೇನಪಾ ಅವಂಗ? ಸಿಗಲಾರದೇನ್ರಿ, ಸುತ್ತು ಹೊಡದು ಬಂದು ಅವನ ತಲಿಮ್ಯಾಲನs ಕುಂತಿತು — ನಗೆ, ಸಾವಕಾರರ ಕಣ್ಣಲ್ಲಿ ನೀರು, ನನ್ನ ಎದೆ ಅಗಲವಾಗುತ್ತಿದೆ, ಹೊಗೆ ತೆಳುವಾಗುತ್ತಿದೆ, ಕಲ್ಲುಗುಪ್ಪೆಯ ಹಿಂದಿನಿಂದ ಬುರಾನ, ಎಷ್ಟಾದವಲೇ? ನನ್ನ ಹೆಬ್ಬೆರಳು ಉಂಗುರಬೆರಳಿನ ಮೇಲಿನ ಗೆಣ್ಣಿನಲ್ಲೇ ಇತ್ತು, ನಡುಬೆರಳಿಗೆ ದಾಟಿರಲಿಲ್ಲ, ಅದನ್ನು ನಾನು ನೋಡಿದೆ, ಕಣ್ಣಾರೆ ನೋಡಿದೆ, ಆದರೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು, ಕೇಳಿದವರಿಗೆ ಕಡಿಮೆ ಹೇಳಿ ನನಗೆ ರೂಢಿಯಿಲ್ಲ, ಏಳೂ ಆದ್ವಲೇ, ಇಳಿ, ಎಂದೆ. ಇಳಿದ. ಸಬ್ಬಲ್ಲು ಕಲ್ಲಿಗೆ ತಾಗಿದ ಸದ್ದು ಒಂದು. ಆಮೇಲೆ ಏಳನೆಯದು.

ಧೂಳಿನೊಳಗೆ ಮೊದಲು ಇಳಿದವನು ನಾನೇ, ಏಣಿಯನ್ನು ನಾನು ಮುಟ್ಟಲೇ ಇಲ್ಲ ಎಂದು ಜನರಿಗೆ ಹೇಳುತ್ತೇನೆ, ಮುಟ್ಟಿದೆ, ಒಂದೊಂದೇ ಮೆಟ್ಟಿಲು ಇಳಿದೆ, ಬುರಾನ ಗೋಡೆಗೆ ಬೆನ್ನು ಹಚ್ಚಿ ಎರಡೂ ಅಂಗೈ ಮುಖಕ್ಕೆ ಒತ್ತಿ ಕೂತಿದ್ದ, ಕೂಗುತ್ತಿರಲಿಲ್ಲ, ಅವನ ತಲೆಯ ಮೇಲೆ ಒಂದು ಮೊಳ ಎತ್ತರದಲ್ಲಿ ಹೊಸದಾಗಿ ಒಡೆದ ಕಲ್ಲು, ಕಲ್ಲಿನಲ್ಲಿ ಮುಷ್ಟಿಯಷ್ಟು ಪೊಳ್ಳು, ನೆತ್ತಿಯ ಬಿಸಿಲು ನೇರ ಅದರೊಳಗೆ — ಬಿಳಿಯ ಸೂಜಿಗಳು. ಆಮೇಲೆ ಹೊರಸು, ಟ್ರಕ್ಕು, ದೊಡ್ಡ ದವಾಖಾನೆ, ಹಸಿರು ಪರದೆ, ಪೋಲೀಸರು ಬಂದು ಪಂಚನಾಮೆ ಬರೆದುಕೊಂಡರು, ನಾನು ಅಂದೆ, ಏಳೂ ಹಾರಿದ್ವು ಸಾಹೇಬ್ರ, ಏಳನೇದು ಅರ್ಧ ಹಾರಿ ಅರ್ಧ ಮದ್ದು ಒಳಗ ಉಳಿದಿರ್ಬೇಕು. ಹಾಗೂ ಆಗುತ್ತದೆ, ಅರ್ಧ ಹಾರಿದರೆ ಅದು ಮದ್ದು ತುಂಬಿದವನ ತಪ್ಪು, ಎಣಿಸಿದವನದಲ್ಲ. ಎಲ್ಲರೂ ಒಪ್ಪಿದರು. ಅವತ್ತು ಒಬ್ಬರೂ ನನ್ನ ಮಾತನ್ನು ಭಾಗಿಸಲಿಲ್ಲ.

ಹಣಮ್ಯಾ, ಕುಂತೀಯೋ ಮಲಗೀಯೋ? ಎನ್ನುತ್ತಿದ್ದಾನೆ ಬುರಾನ, ಬೆರಳು ಅಲೆಯ ಮೇಲೆ ನಿಂತಿದೆ, ಕುಂತೇನಿ, ಎನ್ನುತ್ತೇನೆ. ದಿನಾ ನೆನಸ್ತೇನಲೇ ಆ ಕುಳಿ, ಎನ್ನುತ್ತಾನೆ, ಮದ್ದು ಹಾಕೀನಿ, ಮಣ್ಣು ಗಿಡಿದೀನಿ, ನನ್ನ ಕೈ ಎಲ್ಲಿ ತಪ್ಪೇತಿ ತಿಳೀವಲ್ದು, ಇಪ್ಪತ್ತು ವರ್ಷದಾಗ ನಂದು ಒಂದು ಕುಳಿ ಅರ್ಧ ಹಾರಿದ್ದಿಲ್ಲ, ನೀನs ಹೇಳು, ಇತ್ತೇನು? ಕಣ್ಣು ಹೋಗಿದ್ದಕ್ಕಲ್ಲಲೇ, ಕೈಯಾಗಿನ ಕಸಬು ಹೋತಲ್ಲ ಅಂತ ಸಂಕಟ. ಎರಡು ಕೈಯನ್ನೂ ಮುಂದೆ ಚಾಚಿ ಬೆರಳುಗಳನ್ನು ಒಂದಕ್ಕೊಂದು ತಿಕ್ಕುತ್ತಾನೆ, ಇಲ್ಲದ ಮದ್ದನ್ನು ಇಲ್ಲದ ಕುಳಿಗೆ ತುಂಬುತ್ತಾನೆ, ಒತ್ತಿ ಗಿಡಿಯುತ್ತಾನೆ, ಮೇಲೆ ಮಣ್ಣು ಮುಚ್ಚುತ್ತಾನೆ, ಎಲ್ಲಿ ತಪ್ಪಿತು ಎಂದು ಮತ್ತೆ ಮೊದಲಿನಿಂದ — ಶುಂಠಿ ಜಜ್ಜುವುದು ನಿಂತಿದೆ, ಹೇಳು, ಹೇಳಿಬಿಡು, ಒಂದು ಸೊನ್ನೆಯೂ ಇಲ್ಲದ್ದು.

ಆರು ಹಾರಿದ್ವು ಬುರಾನ, ಎಂದೆ. ಆರs. ನಾ ಏಳು ಅಂದೆ.

ಅವನು ತಲೆ ಓರೆ ಮಾಡಿದ, ಆಮೇಲೆ ನಕ್ಕ, ಖರೇನೇ ನಕ್ಕ, ಹಲ್ಲು ಕಾಣುವ ಹಾಗೆ, ಭಲೇ ಲೇ ಹಣಮ್ಯಾ! ಕೂಡಿಸೋದು ಬಿಟ್ಟು ಈಗ ಕಳಿಯಾಕ ಕಲ್ತ್ಯೇನಲೇ? ನನಗ ಸಮಾಧಾನ ಆಗ್ಲಿ ಅಂತ ತಪ್ಪೂ ನೀನs ಮೈಮ್ಯಾಲ ಹಾಕ್ಕೊಂಡು ದೊಡ್ಡಾಂವ ಆಗಾಕತ್ತೀ, ನನ್ನ ಕಣ್ಣು ಹೋಗಿದ್ದೂ ನಿನ್ನ ಪರಾಕ್ರಮನs ಏನು? ಕೇಳಿದ್ಯೇನಬೇ, ಎಂದು ಒಳಗೆ ಕೂಗಿದ. ಬದರುನ್ನಿಸಾ ಬಾಗಿಲಲ್ಲಿ ನಿಂತಿದ್ದಳು, ಮೂರು ಕಪ್ಪು ಹಿಡಿದು, ಅವಳು ನಗಲಿಲ್ಲ, ಅವಳ ಕಣ್ಣು ನನ್ನ ಎಡಗೈ ಮೇಲಿತ್ತು, ನಾನೂ ನೋಡಿಕೊಂಡೆ, ಹೆಬ್ಬೆರಳು ಉಂಗುರಬೆರಳಿನ ಮೇಲಿನ ಗೆಣ್ಣಿಗೆ ಹೋಗಿ ಕೂತಿದೆ, ಯಾವಾಗ ಹೋಯಿತೋ. ಆರೇನ್ರಿ ಭಾಯ್? ಎಂದಳು, ಮೆಲ್ಲಗೆ. ಹೌದ್ರಿ ಭಾಭಿ. ಅವಳು ಗಂಡನ ಪಕ್ಕ ಕೂತು ಒಂದು ಕಪ್ಪನ್ನು ಅವನ ಕೈಗಿಟ್ಟು ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಚಿದಳು, ಭಾಯ್ ಸುಳ್ಳು ಹೇಳವಲ್ರು, ಎಂದಳು, ಮಾರಿ ನೋಡಾಕತ್ತೇನಿ ನಾ.

ಬುರಾನನ ನಗೆ ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿಯಿತು, ಒಡೆಯನಿಲ್ಲದ ಸಾಮಾನಿನ ಹಾಗೆ, ಆಮೇಲೆ ಹೋಯಿತು. ಹಾಂಗಾದ್ರ ಕುಳಿ ಅರ್ಧ ಹಾರಿಲ್ಲ, ಎಂದ. ಇಲ್ಲ. ನಾ ತುಂಬಿದ್ದು ಸರಿ ಇತ್ತು. ಸರಿ ಇತ್ತಲೇ, ಬತ್ತಿ ನಂದಿತ್ತು ಅಷ್ಟ. ಅವನು ಉಸಿರು ಬಿಟ್ಟ, ಎರಡು ತಿಂಗಳಿಂದ ಹಿಡಿದಿಟ್ಟ ಉಸಿರು, ಒಂದು ಗುಟುಕು ಕುಡಿದ, ಕಪ್ಪನ್ನು ಫರ್ಸಿಯ ಮೇಲೆ ತಡವಿ ಇಟ್ಟ, ಬೈಯುತ್ತಾನೆ ಎಂದುಕೊಂಡೆ, ಕಪ್ಪು ಎಸೆಯುತ್ತಾನೆ, ಎಸೆಯಲಿ, ಎದ್ದು ಹೋಗಲೇ ಸೂಳೇಮಗನೇ ಎನ್ನುತ್ತಾನೆ, ಅನ್ನಲಿ, ಏನಾದರೂ ನನಗೆ ತಾಗಲಿ — ಅವನು ಮುಖವನ್ನು ನನ್ನ ಕಡೆ ತಿರುಗಿಸಿದ, ಕಣ್ಣಿದ್ದ ಜಾಗದಲ್ಲಿ ಹೊಲಿಗೆಯ ಗೆರೆ, ದನಿಯಲ್ಲಿ ಸಿಟ್ಟಿಲ್ಲ, ಏನೂ ಇಲ್ಲ, ನೀ ಕೆಳಗ ಇಳದ್ಯಲ್ಲ ಹಣಮಂತ್ರಾಯ, ಎಂದ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಪೂರ್ತಿ ಹೆಸರು ಹಿಡಿದು, ಇಳದಾಗ ಮೊದಲ ಏನ್ ನೋಡಿದಿ?

ನಿನ್ನನ್ನ, ಎನ್ನಬೇಕು, ಮತ್ಯಾರನ್ನ ನೋಡ್ತೇನಲೇ, ಎನ್ನಬೇಕು, ಎಂಥೆಂಥ ಸುಳ್ಳು ಹೇಳಿದ ಬಾಯಿ, ಇದೊಂದು ಹೇಳಲಿ, ಇದು ಪುಣ್ಯದ್ದು, ಬದರುನ್ನಿಸಾ ನನ್ನ ಬಾಯಿಯನ್ನೇ ನೋಡುತ್ತಿದ್ದಾಳೆ, ಅವನ ಮುಖ ಕಾಯುತ್ತಿದೆ, ಅವನು ಅಂಗೈ ಒತ್ತಿ ಕೂತಿದ್ದ, ಬೆರಳ ಸಂದಿಯಿಂದ ಕೆಂಪು ಇಳಿಯುತ್ತಿತ್ತು, ಅದನ್ನು ಆಮೇಲೆ ನೋಡಿದೆ, ಮೊದಲು ಅಲ್ಲ, ಮೊದಲು ಅವನ ತಲೆಯ ಮೇಲಿನ ಕಲ್ಲು ನೋಡಿದೆ, ಎಷ್ಟು ಹೊತ್ತು, ಐದು ಉಸಿರು, ಆರು, ಆರೂವರೆ ಕೋಟಿ ವರ್ಷಕ್ಕೆ ಮೊದಲ ಸಲ ಬಿಸಿಲು, ಒದ್ದೆ, ಒಂದೂ ಮುರಿದಿರಲಿಲ್ಲ, ಇಷ್ಟೆಲ್ಲ ಆಗಿ ಒಂದೂ ಮುರಿದಿರಲಿಲ್ಲ, ಮುಷ್ಟಿಯಷ್ಟು ಪೊಳ್ಳು, ಬಿಳಿಯ ಸೂಜಿಗಳು, ಬಿಸಿಲು, ಬಿಳಿಯ ಸೂಜಿಗಳು, ಬಿಳಿಯ